ಸಮುದ್ರಕ್ಕ ಒಯ್ದ ಚರಗ

ಕ್ರಿಸ್‌ಮಸ್ ಸೂಟಿಗಿ ಸಮುದ್ರ ನೋಡ್ಲಾಕ ಹೋಗೂದು ನನ್ನ ತಮ್ಮನ ಹಟ. ಮೈಲೂರದಾಗಿನ ನಮ್ಮ ಮನಿ ಮುಂದ ಬಾಡಿಗಿ ಕಾರವಾನ್ ತಂದು ನಿಲ್ಲಿಸಿದ. ಒಳಗ ಹಾಸಿಗಿ, ಗ್ಯಾಸಿನ ಒಲಿ, ಸಣ್ಣದೊಂದು ಫ್ರಿಜ್ಜು. ಅವನ ಅಕ್ಕ ನಾನು, ತಮ್ಮ, ಅವನ ಹೆಂಡತಿ ಮಕ್ಕಳು, ನಡುವ ನಮ್ಮವ್ವ. ದೀಪಾವಳಿ ಮುಂದ ಅಪ್ಪ ತೀರಿಕೊಂಡಿದ್ದ. ಆ ಸೂಟ್ಯಾಗೇ ಎಳ್ಳಮಾಸಿ ಬಂದಿತ್ತು. ಅವತ್ತು ಅಪ್ಪ ಇಲ್ಲದ ಹೊಲ ಅವ್ವನ ಕಣ್ಣಿಗಿ ಬೀಳಬಾರದು ಅಂತ ತಮ್ಮನ ವಿಚಾರ. ನನಗೂ ಖರೆ ಅನ್ನಿಸ್ತು. ಭಾಳ ಶಾಣ್ಯಾರು ನೋಡ್ರಿ ನಾವು!

ನಮ್ಮ ಕಡಿ ಎಳ್ಳಮಾಸಿ ಅಂದ್ರ ಹೊಲಕ್ಕ ಉಣಿಸೂ ಹಬ್ಬ. ಕಾಳು ಪಲ್ಯಾ ಎಲ್ಲಾ ಕೂಡಿಸಿ ಕುದಿಸಿದ ಭಜ್ಜಿ, ಕಡಬು, ಸಜ್ಜಿ ರೊಟ್ಟಿ ಕಲಸಿ, ಗಂಡ ಕೂಗಿಕೋತ ಹೊಲದ ಸುತ್ತ ಚೆಲ್ಲತಾನ. ಹೆಂಡತಿ ತಂಬಗಿ ಹಿಡಕೊಂಡು ಹಿಂದ ನೀರು ಚಿಮುಕಿಸ್ತಾಳ. ಅದಕ್ಕ ಚರಗ ಅಂತಾರ. ಹಲಬರ್ಗಾದ ನಮ್ಮ ಹೊಲದಾಗ ಅದು ಒಂದು ವರ್ಷನೂ ತಪ್ಪಿದ್ದಿಲ್ಲ.

ಅವ್ವ ಬರೂದಿಲ್ಲ ಅನ್ನಲಿಲ್ಲ. ಗಾಡಿ ಹತ್ತುವಾಗ "ಈ ವರ್ಷ ಭೂಮ್ತಾಯಿ ಉಪಾಸ" ಅಂದಳು, ಅಷ್ಟೇ. ಕಾರವಾರದ ಕಡಿ ಮುಟ್ಟಿದಾಗ ಮನಿ ಮುಂದೆಲ್ಲಾ ಕಾಗದದ ನಕ್ಷತ್ರ ತೂಗಾಡ್ತಿದ್ವು. "ಇವರ ಹಬ್ಬ ಇವರು ಬಿಟ್ಟಿಲ್ಲ" ಅಂದಳು. ತಮ್ಮ ಹಾಡಿನ ಆವಾಜ್ ಏರಿಸಿದ.

ಅಮಾಸಿ ದಿನ ಎದ್ದು ನೋಡ್ತೇನಿ, ಕಾರವಾನ್ ತುಂಬ ಬಳ್ಳೊಳ್ಳಿ ಘಮ. ಅವ್ವ ಆ ಪುಟಾಣಿ ಒಲಿ ಮ್ಯಾಲ ಭಜ್ಜಿ ಕುದಿಸ್ಯಾಳ! ಕಾಳು, ಹಿಟ್ಟು ಎಲ್ಲಾ ಸೀರಿ ಗಂಟಿನಾಗ ಮುಚ್ಚಿ ತಂದಿದ್ದಳು.

"ಇಲ್ಲಿ ಎಲ್ಲಿ ಚೆಲ್ಲತಿ ಅವ್ವಾ?" ಅಂದ ತಮ್ಮ.

"ಯಾಕ, ಇದು ಭೂಮಿ ಅಲ್ಲೇನು?"

ಜನ ನೋಡ್ತಾರ ಅಂತ ತಮ್ಮ ಗಾಡಿ ಬಿಟ್ಟು ಇಳಿಯಲಿಲ್ಲ. ನಾನೇ ಬುಟ್ಟಿ ಹಿಡಿದು ಸಮುದ್ರದ ದಂಡಿಗುಂಟ ಮುಂದ ನಡೆದೆ. ಒಂದು ಮುಟಗಿ ಚೆಲ್ಲಿದೆ. ತೆರಿ ಬಂತು, ಒಯ್ತು, ಹೊಳ್ಳಿ ತಂದು ನಮ್ಮ ಕಾಲ ಮುಂದೇ ಹಾಕ್ತು. ಮತ್ತ ಚೆಲ್ಲಿದೆ. ಮತ್ತ ಹಂಗೇ. ಅವ್ವ ತಂಬಗಿ ಕೆಳಗಿಟ್ಟಳು.

"ಸಾಕು ಬಿಡವಾ. ಇದು ಬ್ಯಾರೇರ ಹೊಲ. ನಮ್ಮದು ತಗೋವಲ್ದು."

ನಾ ಬುಟ್ಟಿ ಎತ್ತಿಕೊಂಡು ಅಕಿನ್ನ ಗಾಡಿಗಿ ಕರಕೊಂಡು ಬಂದೆ. ತಮ್ಮ ಕಿಡಕ್ಯಾಗಿಂದ ಎಲ್ಲಾ ನೋಡಿದ್ದ. ಮಕ್ಕಳು ಎಷ್ಟು ಅತ್ತರೂ ಕೇಳದೇ ಗಾಡಿ ತಿರುಗಿಸಿದ. "ಒಂದು ದಿನ ತಡಾ ಆದ್ರ ಭೂಮ್ತಾಯಿ ಉಣ್ಣಲ್ದೇ ಇರ್ತಾಳೇನು?" ಅಂದ. ಹಾದ್ಯಾಗ ಗಾಡಿ ನಿಲ್ಲಿಸಿ ಅವ್ವ ಹೊಸ ಭಜ್ಜಿ ಕುದಿಸಿದಳು.

ಮರುದಿನ ಹೊತ್ತು ಇಳಿಯುವಾಗ ಹಲಬರ್ಗಾದ ಹೊಲದಾಗಿದ್ವಿ. ತಮ್ಮ ಚಪ್ಪಲಿ ಬಿಟ್ಟು ಬುಟ್ಟಿ ತಗೊಂಡ. ಜ್ವಾಳ ಆಳೆತ್ತರ ನಿಂತಿತ್ತು. ಒಳಗ ಹೊಕ್ಕಮ್ಯಾಲ ಅವ ಕಾಣಲಿಲ್ಲ, ಕೂಗಷ್ಟೇ ಕೇಳ್ತಿತ್ತು. ಥೇಟ್ ಅಪ್ಪನ ದನಿ, ಜರಾನೂ ಫರಕ್ ಇಲ್ಲ. ಹಿಂದ ಹೊಂಟಿದ್ದ ಅವ್ವ ಗಪ್ಪನೆ ನಿಂತಳು. ಆಮ್ಯಾಲ ನೀರು ಚಿಮುಕಿಸಿಕೋತ ಆ ದನಿ ಹಿಂದ ನಡೆದಳು.

ಸುತ್ತು ಮುಗಿಸಿ ತಮ್ಮ ಬೆವರು ಒರೆಸಿಕೋತ ಬದುವಿಗಿ ಬಂದ.

"ಇನ್ನೊಂದು ಸುತ್ತು ಹಾಕು" ಅಂದಳು ಅವ್ವ.

"ಚೆಲ್ಲಾಕ ಏನೂ ಉಳಿದಿಲ್ಲವ್ವಾ."

"ಇರಲಿ. ಬರೇ ಕೂಗು."