ಬೋರ್ಡು ಬರೆಯುವುದನ್ನು ನೋಡಲು ಬಂದವರು

ಮೊನ್ನೆ ಆಫೀಸಿನ ಹಳೆಯ ಕಪಾಟು ಸರಿಸಿದಾಗ ಹಿಂದಿನಿಂದ ಒಂದು ಡಸ್ಟರ್ ಬಿತ್ತು. ಮರದ ಹಿಡಿ ಸೀಳಿತ್ತು, ಬಟ್ಟೆಯಲ್ಲಿ ಇನ್ನೂ ಸೀಮೆಸುಣ್ಣದ ಪುಡಿ. ಮೂಗಿನ ಹತ್ತಿರ ಹಿಡಿದರೆ ಹೊಗೆ ಹಾಕಿದ ರಬ್ಬರ್ ಶೀಟಿನ ವಾಸನೆ. ನಮ್ಮಲ್ಲಿ ಎಲ್ಲದಕ್ಕೂ ಅದೇ ವಾಸನೆ, ನನ್ನ ಸೀರೆಗೂ. ಆದರೆ ನನಗೆ ನೆನಪಾದದ್ದು ರಬ್ಬರಲ್ಲ, ಪುತ್ತೂರಿನಿಂದ ಬರುತ್ತಿದ್ದ ವೆಬ್‌ಸೈಟಿನವರು...

ಕಡಬದ ಈ ರಬ್ಬರ್ ಬೆಳೆಗಾರರ ಸಂಘದಲ್ಲಿ ಬೆಳಿಗ್ಗೆ ನನ್ನ ಮೊದಲ ಕೆಲಸ, ಹೊರಗಿನ ಕಪ್ಪು ಬೋರ್ಡಿನಲ್ಲಿ ಆ ದಿನದ ಶೀಟಿನ ದರ ಬರೆಯುವುದಾಗಿತ್ತು. ಆಮೇಲೆ ಸಂಘಕ್ಕೆ ವೆಬ್‌ಸೈಟ್ ಬಂತು. ದರವನ್ನು ಅದರಲ್ಲೂ ಹಾಕಬೇಕೆಂದಾಯಿತು. ದೂರದ ಬೆಳೆಗಾರರು ಮೊಬೈಲಿನಲ್ಲಿ ದರ ನೋಡಿಯೇ ಜೀಪಿಗೆ ಶೀಟು ಹೇರುವವರು. ಅದನ್ನು ಮಾಡಿಕೊಟ್ಟ ಪುತ್ತೂರಿನ ಸರ್, ನಾವು ವೆಬ್‌ಸೈಟಿನವರು ಎನ್ನುತ್ತಿದ್ದವರು, ಒಂದು ದಿನ ಕೂತು ಹೇಳಿಕೊಟ್ಟರು. ಪರದೆಯ ಎಡಗಡೆ ಉದ್ದಕ್ಕೂ ಇಂಗ್ಲಿಷ್ ಹೆಸರುಗಳು, ಒಂದನ್ನು ಒತ್ತಿದರೆ ಅದರ ಹೊಟ್ಟೆಯಿಂದ ಇನ್ನಷ್ಟು. ನಾನು ತಲೆಯಾಡಿಸಿದೆ. ಅರ್ಥವಾದವರಂತೆ ತಲೆಯಾಡಿಸುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ಕೆಲವು ವಾರ ಹೇಗೋ ನಡೆಯಿತು. ದರದ ಪುಟ ಒಮ್ಮೊಮ್ಮೆ ತೆರೆಯುವುದಿಲ್ಲ ಎಂಬ ದೂರು ಮಾತ್ರ ಇತ್ತು. ಒಂದು ಬೆಳಿಗ್ಗೆ ನಾನು ದರ ಹಾಕುತ್ತಿದ್ದಾಗಲೇ ಕರೆಂಟು ಹೋಯಿತು. ಸಂಜೆಯವರೆಗೆ ಬರಲಿಲ್ಲ. ನೆಲ್ಯಾಡಿ ಕಡೆಯ ಬೆಳೆಗಾರರೊಬ್ಬರು ಫೋನ್ ಮಾಡಿ, "ಎಂತ ಮೇಡಂ, ಇವತ್ತು ರೇಟೇ ಇಲ್ಲ? ಜೀಪು ತುಂಬಿಸಿ ಆಯ್ತು ಮಾರಾಯ್ರೆ, ಬರುದಾ ಬೇಡವಾ?" ಎಂದು ಕೇಳಿದರು. ಉಳಿದವರು ಕೇಳಲೂ ಇಲ್ಲ. ಸಂಘಕ್ಕೆ ರಜೆ ಎಂದುಕೊಂಡು ಶೀಟನ್ನು ಪೇಟೆಯ ವ್ಯಾಪಾರಿಗೆ ಕೊಟ್ಟುಬಿಟ್ಟರು.

ನಮ್ಮ ಅಧ್ಯಕ್ಷರು ಕೇರಳದಿಂದ ಬಂದು ನೆಲೆಸಿದ ಮನೆತನದವರು. ಸಿಟ್ಟು ಬಂದರೆ ಮಲಯಾಳದಲ್ಲಿ ಬೈಯುತ್ತಿದ್ದರು, ಅದು ನಮಗೆ ಅಭ್ಯಾಸವಾಗಿತ್ತು. ಆ ದಿನ ಕನ್ನಡದಲ್ಲೇ, ಮೆತ್ತಗೆ ಹೇಳಿದರು. "ಆಗುದಿಲ್ಲ ಅಂದ್ರೆ ಹೇಳಿ ಮೇಡಂ. ಕಂಪ್ಯೂಟರ್ ಗೊತ್ತಿರುವವರನ್ನು ತೆಗೊಳ್ಳುವ." ನನ್ನದು ಖಾಯಂ ಕೆಲಸವಲ್ಲ. ಆ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು.

ಅಧ್ಯಕ್ಷರು ಹೇಳಿ ಕಳಿಸಿದ್ದರಿಂದ ಮರುದಿನ ಬೆಳಿಗ್ಗೆ ವೆಬ್‌ಸೈಟಿನವರು ಬಂದರು. ಇನ್ನೊಮ್ಮೆ ಪಾಠ ಶುರುವಾಯಿತು ಎಂದುಕೊಂಡೆ. ಅವರು ಚೀಲ ಕೂಡ ಬಿಚ್ಚಲಿಲ್ಲ. "ಅಕ್ಕ, ನೀವು ನಿತ್ಯ ಎಂತ ಮಾಡ್ತೀರಿ, ಹಾಗೇ ಮಾಡಿ. ನಾನು ಬಾಯಿ ಬಿಡುದಿಲ್ಲ," ಎಂದರು.

ನಾನು ಹೊರಗೆ ಹೋಗಿ ಬೋರ್ಡು ಒರೆಸಿ ಹೊಸ ದರ ಬರೆದೆ. ಅವರು ಹಿಂದೆಯೇ ನಿಂತು ನೋಡಿದರು. ಒಳಗೆ ಬಂದು ಕಂಪ್ಯೂಟರಿನಲ್ಲಿ ನಿನ್ನೆಯ ದರದ ಪುಟವನ್ನು ಅಳಿಸಿದೆ, ಹೊಸ ಪುಟ ಮಾಡಲು ಹೊರಟೆ. ಬಾಯಿ ಬಿಡುವುದಿಲ್ಲ ಎಂದವರು ಕುರ್ಚಿಯಿಂದ ಎದ್ದೇಬಿಟ್ಟರು.

"ಅದನ್ನು ಯಾಕೆ ಅಳಿಸಿದ್ದು ಅಕ್ಕ?"

"ಅಳಿಸದೆ ಬರೆಯುದು ಹೇಗೆ ಸರ್? ಒಂದರ ಮೇಲೊಂದು ಬರೆದ್ರೆ ಎರಡೂ ಓದ್ಲಿಕ್ಕಾಗುದಿಲ್ಲ."

ನಾನು ಅಳಿಸಿದ ಮೇಲೆ ಹೊಸ ಪುಟ ಆಗುವವರೆಗೆ ಜನರಿಗೆ ಏನೂ ಕಾಣುತ್ತಿರಲಿಲ್ಲ. ಕರೆಂಟು ಹೋದದ್ದು ಸರಿಯಾಗಿ ಆ ನಡುವೆ. ಅವರು ನಗಲಿಲ್ಲ. ನನ್ನ ಮೇಜಿನ ಮೇಲಿದ್ದ ಡಸ್ಟರನ್ನು ತೆಗೆದು ಕೈಯಲ್ಲಿ ತಿರುಗಿಸಿ ನೋಡಿದರು, ಆಮೇಲೆ ಅದನ್ನು ಹಿಡಿದುಕೊಂಡೇ ಅಧ್ಯಕ್ಷರ ಕೋಣೆಗೆ ಹೋದರು. ಮಾತು ನನಗೆ ಕೇಳುತ್ತಿತ್ತು. "ಅವರದ್ದು ಎಂತ ತಪ್ಪೂ ಇಲ್ಲ. ಬೋರ್ಡು ಇಷ್ಟು ವರ್ಷ ಸರಿಯಾಗೇ ನಡೆದಿದೆ. ಅದನ್ನು ಒಮ್ಮೆಯೂ ನೋಡದೆ ವೆಬ್‌ಸೈಟ್ ಮಾಡಿದ್ದು ನಾನು." ನನ್ನ ಕಣ್ಣು ತುಂಬಿ ಬಂತು. ನನ್ನ ಪರವಾಗಿ ಹಾಗೆ ಮಾತಾಡಿದವರು ಆ ಆಫೀಸಿನಲ್ಲಿ ಅವರೇ ಮೊದಲು.

ಕೆಲವು ದಿನ ಬಿಟ್ಟು ಮತ್ತೆ ಬಂದರು. ಎಡಗಡೆಯ ಇಂಗ್ಲಿಷ್ ಪಟಾಲಂ ಮಾಯವಾಗಿತ್ತು. ಪರದೆ ತುಂಬ ಒಂದು ಕಪ್ಪು ಬೋರ್ಡು, ಅದರಲ್ಲಿ ನಿನ್ನೆಯ ದರ, ಮೂಲೆಯಲ್ಲಿ ಡಸ್ಟರಿನ ಚಿತ್ರ. ಒತ್ತಿದರೆ ಬೋರ್ಡು ಖಾಲಿ. ಹೊಸ ದರ ತುಂಬಿ 'ಬರೆಯಿರಿ' ಎಂಬುದನ್ನು ಒತ್ತಿದರೆ ಮುಗಿಯಿತು. ನಾನು ಒರೆಸಿದ್ದೇ ತಡ, ಅವರು ಬಗ್ಗಿ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತರು!

"ಈಗ ಮೊಬೈಲಿನಲ್ಲಿ ನೋಡಿ."

ನಿನ್ನೆಯ ದರ, ನಿನ್ನೆಯ ತಾರೀಕಿನೊಂದಿಗೆ, ಅಲ್ಲಾಡದೆ ಕೂತಿತ್ತು. ಇವತ್ತಿನದು ಬರೆಯುವವರೆಗೆ ಅದು ಹೋಗುವುದಿಲ್ಲ ಎಂದರು.

"ಇನ್ನು ನಾನು ಎಂತ ಕಲಿಬೇಕು ಸರ್?"

"ನೀವು ಕಲಿಯುದು ಎಂತದೂ ಇಲ್ಲ. ಕಲಿಬೇಕಾದ್ದು ಅದು, ಈಗ ಕಲಿತಿತು," ಎಂದು ಕಂಪ್ಯೂಟರಿನ ತಲೆಗೆ ಒಂದು ತಟ್ಟಿದರು.

ಪರದೆಯ ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಹಾಕಿದ್ದರು: 'ಏನಾದರೂ ಕೆಟ್ಟರೆ ಹೆದರಬೇಡಿ, ತಪ್ಪು ನಿಮ್ಮದಲ್ಲ, ಫೋನ್ ಮಾಡಿ.' ಪಕ್ಕದಲ್ಲಿ ಅವರ ನಂಬರ್. ನಾನು ಮಾಡದ ಫೋನಿಲ್ಲ. ಮೌಸಿನ ವಯರು ಸಡಿಲವಾದರೂ ಮಾಡಿದ್ದೇನೆ. ಒಮ್ಮೆಯೂ ಅವರ ದನಿಯಲ್ಲಿ ಬೇಸರ ಕೇಳಲಿಲ್ಲ. ಕಲಿತವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ, ಇನ್ನೊಬ್ಬರ ಕೆಲಸವನ್ನು ಅಷ್ಟು ಮರ್ಯಾದೆಯಿಂದ ನಿಂತು ನೋಡಿದವರನ್ನು ಮತ್ತೆ ಕಾಣಲಿಲ್ಲ.

ಕಳೆದ ವರ್ಷ ಹೀಗೆಯೇ ಏನೋ ಕೇಳಲು ಫೋನ್ ಮಾಡಿದೆ. ಅವರ ಹೆಂಡತಿ ತೆಗೆದರು. ಕಾಯಿಲೆಯಲ್ಲಿದ್ದರಂತೆ, ತೀರಿಹೋಗಿ ಹದಿನೈದು ದಿನವಾಗಿತ್ತು... ಕೇಳಬೇಕೆಂದಿದ್ದದ್ದು ಮರೆತೇಹೋಯಿತು.

ಈಗ ವೆಬ್‌ಸೈಟ್ ನೋಡಿಕೊಳ್ಳಲು ಬೇರೆಯವರು ಬಂದಿದ್ದಾರೆ. ಕಪಾಟು ಸರಿಸಿದ್ದೂ ಅವರ ಹೊಸ ಕಂಪ್ಯೂಟರಿಗೆ ಜಾಗ ಮಾಡಲಿಕ್ಕೆ. ಬೋರ್ಡಿನ ಕೆಳಗಿನ ಸಾಲು ನೋಡಿ ಕೇಳಿದರು. "ಈ ನಂಬರ್ ಈಗ ಇಲ್ವಲ್ಲ ಮೇಡಂ, ತೆಗೆಯುದಾ?"

"ನಂಬರ್ ತೆಗೆಯಿರಿ," ಎಂದೆ. "ಸಾಲು ಇರ್ಲಿ."

ಹಾಗೆಯೇ ಮಾಡಿದರು. ಇವತ್ತು ಬೆಳಿಗ್ಗೆ ದರ ಬರೆದು ನೋಡಿದೆ. ಹೆದರಬೇಡಿ, ತಪ್ಪು ನಿಮ್ಮದಲ್ಲ, ಫೋನ್ ಮಾಡಿ ಎಂದಿದೆ. ಯಾರಿಗೆ ಎಂದು ಇಲ್ಲ.