ನನ್ನ ಕೈಗೆ ತೆರೆಯದ ಮೆನು

ಚಿನ್ನಮನೂರಿನ ನಮ್ಮ ಮನೆಯ ಮಹಡಿ ಕೋಣೆಯೇ ನನ್ನ ಆಫೀಸು. ದಿಂಡಿಗಲ್‌ನ ಒಂದು ಕಂಪನಿಗಾಗಿ ಜಾಲತಾಣಗಳನ್ನು ಪರೀಕ್ಷಿಸುತ್ತೇನೆ. ಕಾಲೇಜಿನಲ್ಲಿದ್ದಾಗ ಬಂದ ಜ್ವರದಲ್ಲಿ ಕಣ್ಣು ಹೋಯಿತು. ಅಂದಿನಿಂದ ಕಂಪ್ಯೂಟರ್ ನನಗೆ ಎಲ್ಲವನ್ನೂ ಓದಿ ಹೇಳುತ್ತದೆ, ನಾನು ಕೀಬೋರ್ಡಿನಿಂದಲೇ ಓಡಾಡುತ್ತೇನೆ. ಮೌಸ್ ಮುಟ್ಟುವುದಿಲ್ಲ. ಬಾಣದ ಗುರುತು ಎಲ್ಲಿದೆಯೆಂದು ಕಾಣದವಳಿಗೆ ಅದರಿಂದೇನು ಉಪಯೋಗ?

ನಮ್ಮ ಕಂಬಂ ಕಣಿವೆಯಲ್ಲಿ ಕನ್ನಡ ಮಾತಾಡುವ ನಮ್ಮ ಜನರ ಸಂಘ ಹೊಸ ಜಾಲತಾಣ ಮಾಡಿಸಿತು. ಮನೆಮಾತು ಕನ್ನಡವಾದರೂ ನಾವು ಓದಿ ಬರೆಯುವುದು ತಮಿಳು, ಹಾಗಾಗಿ ತಾಣವೂ ತಮಿಳಿನದೇ. ಅದರಲ್ಲಿ ವಧೂವರರು ಹೆಸರು ಹಾಕುವ ಪುಟವಿದೆಯೆಂದು ಕೇಳಿ ಆವತ್ತೇ ತೆರೆದೆ. ತಂಗಿಯ ಮದುವೆಯಾದ ಮೇಲೆ ಮನೆಯಲ್ಲಿ ನನ್ನ ಮದುವೆಯ ಮಾತೇ ನಿಂತುಹೋಗಿತ್ತು. ನಿನಗೆ ಬೇಕೇ ಬೇಡವೇ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನನಗೆ ಬೇಕಿತ್ತು.

ಟ್ಯಾಬ್ ಕೀ ಒತ್ತಿದೆ. "ಲಿಂಕ್" ಎಂದಿತು ಕಂಪ್ಯೂಟರ್. ಮತ್ತೆ ಒತ್ತಿದೆ. "ಲಿಂಕ್." ಎಲ್ಲಿಗೆ ಹೋಗುವ ಲಿಂಕ್? ಹೆಸರೇ ಇಲ್ಲ, ಬರೀ ಚಿತ್ರಗಳು. ಕೋಡ್ ತೆರೆದು ಓದಿದಾಗ ತಿಳಿಯಿತು: ವಧೂವರರ ಪುಟವಿರುವ ಮೆನು, ಮೌಸನ್ನು ಅದರ ಮೇಲೆ ತಂದರೆ ಮಾತ್ರ ತೆರೆಯುತ್ತದೆ. ಕೀಬೋರ್ಡಿಗೆ ಜಗ್ಗುವುದಿಲ್ಲ.

ಸಂಘದ ಕಾರ್ಯದರ್ಶಿ ಅವ್ವನ ಅಣ್ಣ, ನನ್ನ ಮಾಮ. ಫೋನ್ ಮಾಡಿ, ಮೆನು ಕೀಬೋರ್ಡಿಗೆ ತೆರೆಯುತ್ತಿಲ್ಲ ಎಂದೆ.

"ಅದುಕ್ಕೇನು ಪಾಪಾ, ನಿಂಗೆ ಏನ್ ಬೇಕು ಯೋಳು, ನಾನೇ ನೋಡ್ತೀನಿ."

"ಕಲ್ಯಾಣಕ್ಕೆ ಹೆಸರು ಹಾಕ್ಬೇಕು ಮಾಮಾ."

"ಯಾರ್ದು?"

"ನಂದೇ."

"ಅವ್ವನ್ ಕೈಲಿ ಯೋಳು, ಅವ್ಳು ಹಾಕ್ತಾಳೆ."

"ಕಲ್ಯಾಣ ಆಗೋಳು ನಾನು. ನಾನೇ ಹಾಕ್ತೀನಿ."

ಆ ಭಾನುವಾರ ಉತ್ತಮಪಾಳಯಂನಲ್ಲಿ ಸಂಘದ ಸಭೆ. ಅವ್ವನನ್ನು ಕರೆದುಕೊಂಡು ಟೌನ್ ಬಸ್ಸಿನಲ್ಲಿ ಹೋದೆ. ಎದ್ದು ನಿಂತು ವಿಷಯ ಹೇಳುತ್ತಿದ್ದಂತೆಯೇ ಹಿಂದಿನಿಂದ ಒಬ್ಬರು, "ಒಬ್ಬಳ್ಗೋಸ್ಕರ ಎಲ್ಲಾ ಬದಲಾಯ್ಸಕ್ಕಾಯ್ತದಾ?" ಅಂದರು. ಅವ್ವ ನನ್ನ ದುಪಟ್ಟಾ ಜಗ್ಗಿ, "ಕುಂತ್ಕೋ" ಎಂದು ಪಿಸುಗುಟ್ಟಿದಳು. ಕೂರಲಿಲ್ಲ.

"ಆ ಒಬ್ಬಳೂ ಸಂಘದೋಳೇ. ಬ್ಯಾಡ ಅಂದ್ರೆ ನನ್ ಹೆಸರ ಸಂಘದಿಂದ ಇಲ್ಲೇ, ಎಲ್ಲಾರ ಮುಂದೆ ತೆಗೀರಿ."

ಮಾಮ ಸಮಾಧಾನದ ದನಿಯಲ್ಲಿ, "ಸರಿ ಪಾಪಾ, ನಿನ್ನಂತೋರ್ಗೆ ಬ್ಯಾರೆ ಪುಟ ಒಂದು ಮಾಡ್ಸಣ" ಅಂದರು.

"ಬ್ಯಾರೆ ಪುಟ ಬ್ಯಾಡ ಮಾಮಾ. ಎಲ್ಲಾರೂ ಹೋಗೋ ಬಾಗ್ಲಲ್ಲೇ ನಾನೂ ಹೋಗ್ತೀನಿ."

ತಾಣ ಮಾಡಿದ ಗೂಡಲೂರಿನ ಡಿಸೈನರ್ ಕೂಡ ಅಲ್ಲೇ ಇದ್ದರು. "ಅಂದ ಕೆಟ್ಟೋಯ್ತದೆ" ಎಂದು ಗೊಣಗಿದರು.

"ಅಂದ ಹಂಗೇ ಇರ್ಲಿ ಅಣ್ಣಾ. ಕೀ ಒತ್ತಿದ್ರೂ ತೆರೀಲಿ, ಅಷ್ಟೇ."

ಕೊನೆಗೆ ಸಭೆ ಒಪ್ಪಿತು. ಒಪ್ಪಿಗೆಗಿಂತ, ಇವಳು ಕೂತರೆ ಸಾಕು ಎಂದೇ ಇದ್ದಿರಬೇಕು. ಮುಂದಿನ ಕೆಲಸವೆಲ್ಲ ಡಿಸೈನರ್ ಜೊತೆ ಫೋನಿನಲ್ಲಿ, ಅರ್ಧ ಜಗಳದಲ್ಲೇ ನಡೆಯಿತು. ಪ್ರತಿ ಲಿಂಕಿಗೂ ಹೆಸರು ಬರೆಸಿದೆ. ಎಂಟರ್ ಒತ್ತಿದರೆ ಮೆನು ತೆರೆಯಬೇಕು, ಎಸ್ಕೇಪ್ ಒತ್ತಿದರೆ ಮುಚ್ಚಬೇಕು. ಮೆನುವನ್ನೆಲ್ಲ ದಾಟಿ ನೇರ ವಿಷಯಕ್ಕೆ ಹಾರುವ ಲಿಂಕ್ ಎಲ್ಲಕ್ಕಿಂತ ಮೇಲಿರಬೇಕು. ಕಣ್ಣಿದ್ದರೂ ಕೈ ನಡುಗಿ ಮೌಸ್ ಹಿಡಿಯಲಾಗದವರಿದ್ದಾರಲ್ಲ, ಅವರಿಗಾಗಿ, ಈಗ ಯಾವ ಲಿಂಕಿನ ಮೇಲಿದ್ದೇವೆಂದು ತೋರಿಸುವ ದಪ್ಪ ಚೌಕಟ್ಟನ್ನೂ ಹಾಕಿಸಿದೆ. ಡಿಸೈನರ್ ಕೊನೆಯವರೆಗೂ ಗೊಣಗಿದರು. ಆದರೆ ಮಾಡಿಕೊಟ್ಟರು.

ನನ್ನ ವಿವರವನ್ನು ನಾನೇ ತುಂಬಿದೆ. ಮೊದಲ ಸಾಲಿನಲ್ಲೇ, ಕಣ್ಣು ಕಾಣುವುದಿಲ್ಲ, ಕೆಲಸವಿದೆ, ಬಿಡುವುದಿಲ್ಲ ಎಂದು ಬರೆದೆ. ಅವ್ವ ಫೋನಿನಲ್ಲಿ ಓದಿ ಕಸಿವಿಸಿಗೊಂಡಳು.

"ಕಣ್ಣಿನ್ ಮಾತು ಕಡೇಲಿ ಹಾಕ್ಬಾರ್ದಾ?"

"ಮೊದ್ಲೇ ತಿಳೀಲಿ ಅವ್ವಾ. ಓಡೋರು ಬಿರ್ನೆ ಓಡ್ಲಿ."

ಕೆಲವರು ಓಡಿರಬೇಕು. ಕಂಬಂ ಕಡೆಯ ಒಂದು ಮನೆಯವರು ಮಾತ್ರ ಮಾಮನಿಗೆ ಫೋನ್ ಮಾಡಿದರು: ಹುಡುಗಿ ಪರವಾಗಿಲ್ಲ, ಕೆಲಸ ಬಿಟ್ಟರೆ ಬಂದು ನೋಡುತ್ತೇವೆ. ಅವರ ನಂಬರ್ ಇಸಿದುಕೊಂಡು ನಾನೇ ಮಾತಾಡಿದೆ. ಮೊದಲ ಸಾಲನ್ನು ಅವರಿಗೆ ಇನ್ನೊಮ್ಮೆ ಓದಿ ಹೇಳಿ, ಬರುವುದು ಬೇಡ ಅಂದೆ.

ಹೆಸರು ತೆಗೆದುಬಿಡು ಎಂದು ಅವ್ವ ಈಗಲೂ ಆಗಾಗ ಹೇಳುತ್ತಾಳೆ. ತೆಗೆದಿಲ್ಲ.