ಬಲೆಯ ಎಡಮೂಲೆ

ನನ್ನ ಗಂಡ ಕಾಪುವಿನ ಮೀನುಗಾರರ ಮನೆಯವರು. ಹನ್ನೊಂದು ವರ್ಷ ಹೊರರಾಜ್ಯದ ಕಂಪನಿ ತಂಡವೊಂದರಲ್ಲಿ ಸಂಬಳಕ್ಕೆ ಹಾಕಿ ಆಟವಾಡಿದ ಗೋಲ್‌ಕೀಪರ್. ಮಂಡಿ ಕೈಕೊಟ್ಟ ಮೇಲೆ ಊರಿಗೆ ಬಂದು ಕಾರ್ಕಳದಲ್ಲಿ ಹುಡುಗಿಯರ ಹಾಕಿ ತಂಡಕ್ಕೆ ಕೋಚ್ ಆದರು. ಪ್ರತಿ ಪಂದ್ಯದ ಮೊದಲು ಎರಡೂ ಗೋಲುಗಳ ಬಲೆಯನ್ನು ಕೈಯಿಂದ ಸವರಿ ನೋಡುತ್ತಿದ್ದರು. ಹರಿದಿದ್ದರೆ ತಮ್ಮ ಅಪ್ಪನ ಬಲೆ ಹೊಲಿಯುವ ಸೂಜಿ ತೆಗೆದು, ದೋಣಿಯ ಬಲೆಯಂತೆಯೇ ಹೊಲಿಯುತ್ತಿದ್ದರು.

ಎದೆಯ ಆಪರೇಷನ್‌ಗೆಂದು ಅವರು ಮಣಿಪಾಲದಲ್ಲಿ ಆಸ್ಪತ್ರೆಗೆ ಸೇರಿದ ಮರುದಿನವೇ ಕಾರ್ಕಳದ ಮೈದಾನದಲ್ಲಿ ಪಂದ್ಯವಿತ್ತು. ಸಮಬಲವಾದರೂ ಸಾಕು, ತಂಡ ಮೊದಲ ಬಾರಿಗೆ ರಾಜ್ಯಮಟ್ಟಕ್ಕೆ ಹೋಗುತ್ತಿತ್ತು.

"ರಸ್ತೆ ಬದಿಯ ಗೋಲಿನಲ್ಲಿ, ಎಡಮೂಲೆಯ ಕೆಳಗೆ ತೂತು ಉಂಟು" ಎಂದು ಪಂದ್ಯದ ದಿನ ಬೆಳಿಗ್ಗೆ ಸೂಜಿ ಮತ್ತು ನೈಲಾನ್ ದಾರವನ್ನು ನನ್ನ ಕೈಗಿಟ್ಟರು. "ಹೋಗಿ ಹೊಲಿದು ಬಾ."

"ನಿಮ್ಮನ್ನು ಬಿಟ್ಟಾ? ಆ ಹುಡುಗಿಯರಿಗೆ ಕೈ ಇಲ್ವಾ?"

"ಅವರು ಆಡಲಿ. ನೀನು ಇಲ್ಲಿ ನನ್ನ ಮುಖ ನೋಡಿಕೊಂಡು ಎಂತ ಮಾಡ್ತಿ?"

ಮಂಚದ ಸರಳಿಗೆ ದಾರ ಕಟ್ಟಿ ಗಂಟು ಕಲಿಸಿದರು. ನನ್ನದು ಮೂರು ಸಲ ಜಾರಿತು.

"ಅಂಬಲಪಾಡಿಯವರಿಗೆ ಮೀನು ತಿನ್ನಲಿಕ್ಕೆ ಮಾತ್ರ ಗೊತ್ತು" ಎಂದು ನನ್ನ ತವರೂರನ್ನು ಆಡಿಕೊಂಡು ನಕ್ಕರು. ನಗುವಾಗ ಎದೆಯನ್ನು ಒತ್ತಿ ಹಿಡಿದಿದ್ದರು.

ಅದನ್ನು ನೋಡಿದ ಮೇಲೆ ನನಗೆ ಬಸ್ ಹತ್ತಲಾಗಲಿಲ್ಲ. ಕಾರ್ಕಳದ ಎರಡು ಬಸ್ಸು ಕಣ್ಣೆದುರೇ ಹೋದವು. ಆಸ್ಪತ್ರೆಯ ಕೆಳಗಿನ ಬೆಂಚಿನಲ್ಲಿ ಕುಳಿತು, ಹೋಗಿ ಬರುವಷ್ಟು ಹೊತ್ತು ಕಳೆದು ಮೇಲೆ ಹೋದೆ.

"ಹೊಲಿದಿಯಾ?"

"ಹೊಲಿದೆ."

"ಎಳೆದು ನೋಡಿದಿಯಾ?"

"ನೋಡಿದೆ."

ಸೂಜಿ ನನ್ನ ಚೀಲದಲ್ಲೇ ಇತ್ತು.

ಸಂಜೆ ಐದಕ್ಕೆ ಫೋನ್ ಬಂತು. ತಂಡದ ಕ್ಯಾಪ್ಟನ್ ಅಳುತ್ತಿದ್ದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳುತ್ತಿತ್ತು.

"ಒಂದು ಗೋಲಿನಲ್ಲಿ ಸೋತೆವು ಸರ್. ಕೊನೆಗೆ ನಾವು ಹೊಡೆದ ಚೆಂಡು ಗೋಲಿನೊಳಗೆ ಹೋಗಿ ಆ ತೂತಿನಿಂದ ಹೊರಗೆ ಬಿತ್ತು. ಅಂಪೈರ್ ಅದು ಹೊರಗಿನಿಂದಲೇ ಹೋಯ್ತು, ಗೋಲಲ್ಲ ಅಂದ್ರು. ಹೊಲಿಯಲಿಕ್ಕೆ ಆಂಟಿ ಬರ್ತಾರೆ, ಯಾರೂ ಮುಟ್ಟಬೇಡಿ ಅಂತ ನೀವೇ ಹೇಳಿದ್ರಲ್ವಾ? ಆಂಟಿ ಬರಲೇ ಇಲ್ಲ."

ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಬಸ್ ದಾರಿಯಲ್ಲಿ ಕೆಟ್ಟಿತು ಮಾರಾಯ್ತಿ, ಅವಳೆಂತ ಮಾಡುವುದು?" ಎಂದರು. "ಅಳಬೇಡ. ಬಲೆ ನೋಡಬೇಕಾದವನು ನಾನು."

ಫೋನ್ ಇಟ್ಟ ಮೇಲೆ ಬೈಗುಳಕ್ಕೆ ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಕೇಳಿದ್ದು, "ಊಟ ಮಾಡಿದಿಯಾ?" ಮರುದಿನ ಬೆಳಿಗ್ಗೆ ಆಪರೇಷನ್‌ಗೆ ಕರೆಯುವ ಮೊದಲೇ ಅವರ ಹೃದಯ ನಿಂತಿತು.

ನಾಲ್ಕು ತಿಂಗಳ ನಂತರ ತಂಡದ ಮುಂದಿನ ಪಂದ್ಯಕ್ಕೆ ಕಾರ್ಕಳಕ್ಕೆ ಹೋದೆ. ತೂತು ಹಾಗೆಯೇ ಇತ್ತು. ಮುಟ್ಟಬೇಡಿ ಎಂದ ಅವರ ಮಾತನ್ನು ಯಾರೂ ಮೀರಿರಲಿಲ್ಲ. ನಾನು ದಾರ ಬಿಚ್ಚುವಾಗ ಕ್ಯಾಪ್ಟನ್ ಹತ್ತಿರ ಬಂದಳು.

"ಅವತ್ತು ಬಸ್ ಕೆಟ್ಟಿರಲಿಲ್ಲ" ಎಂದೆ. "ನಾನು ಹತ್ತಲೇ ಇಲ್ಲ."

ಎದುರಾಳಿ ತಂಡ ಮೈದಾನಕ್ಕೆ ಇಳಿಯುತ್ತಿತ್ತು. ನನ್ನ ಗಂಟು ಮತ್ತೆ ಜಾರಿತು. ಆಗ ಅವಳು ಪಕ್ಕದಲ್ಲಿ ಮಂಡಿಯೂರಿ, ಬಲೆಯ ಹರಿದ ಕಣ್ಣಿನ ಎರಡು ತುದಿಗಳನ್ನು ಹಿಡಿದುಕೊಂಡಳು.

"ಎರಡು ಸುತ್ತು ಹಾಕಿ ಆಂಟಿ, ಸರ್ ಹಾಗೇ ಹಾಕ್ತಿದ್ರು. ಬೇಗ, ಅಂಪೈರ್ ಬರ್ತಿದ್ದಾರೆ."